ಟೈಪಿಂಗ್ ಖರ್ಚು

ಸೂಪರ್ ಮಾರ್ಕೆಟ್ ಹಿಂದಿನ ಝೆರಾಕ್ಸ್ ಅಂಗಡಿಯ ಮೇಲೆ
ತಗಡು ಹೊದಿಸಿದ ಒಂದು ಕೋಣೆ. ಇಪ್ಪತ್ತೆರಡು ವರ್ಷ
ಅಲ್ಲಿ ಕೂತು ‘ನಾನು’ ಎಂದು ಬರೆದಿದ್ದೇನೆ.
ಆ ನಾನು ಒಮ್ಮೆ ಮಾಜಿ ಶಾಸಕ, ಒಮ್ಮೆ ನಿವೃತ್ತ ತಹಶೀಲ್ದಾರ,
ಒಮ್ಮೆ ಹೆರಿಗೆ ಆಸ್ಪತ್ರೆಯ ಡಾಕ್ಟರಮ್ಮ.
ಆಕೆಯ ಬಸಿರ ಬಯಕೆಯನ್ನೂ ನಾನೇ ಬರೆದೆ,
ಮೀಸೆ ಮೇಲಿನ ಬೆವರು ಒರೆಸಿಕೊಳ್ಳುತ್ತ.

ಮೇ ತಿಂಗಳು. ಮೂರಕ್ಕೆ ಕರೆಂಟು ಹೋಗಿತ್ತು.
ಅಣವೀರಪ್ಪ ಸಾಹುಕಾರರ ಮೊಮ್ಮಗ ಬಂದ,
ಕಂಕುಳಲ್ಲಿ ಸ್ಪೈರಲ್ ಹಾಕಿಸಿದ ಕಟ್ಟು.
“ಮುತ್ಯಾನ ಆತ್ಮಕಥಿ ಸರ್. ಒಂದೇ ರಾತ್ರಿದಾಗ
ನೂರಾ ಎಂಬತ್ತು ಪುಟ ಬರದು ಕೊಟ್ಟದ ಮಷೀನು.
ಎಲ್ಲಾ ಅದ, ಜೀವ ಇಲ್ಲಂತಾನ ಮುತ್ಯಾ.
ಜರಾ ಜೀವ ತುಂಬ್ರಿ.”
ಜೀವಕ್ಕೆ ಎಷ್ಟು ಎಂದೆ.
ಮೊದಲು ಒಪ್ಪಿದ್ದರ ಮೂರನೇ ಒಂದು ಪಾಲು ಎಂದ.

ಓದಿದೆ. ಎಲ್ಲೂ ತಪ್ಪಿಲ್ಲ, ಅದೇ ತೊಂದರೆ.
ಕಪನೂರಿನ ದಾಲ್ ಮಿಲ್ಲಿನಲ್ಲಿ ಧೂಳೇ ಹಾರುವುದಿಲ್ಲ.
ಪಾಲುದಾರನ ಕೊರಳಪಟ್ಟಿ ಹಿಡಿದ ವರ್ಷ ‘ಸವಾಲುಗಳ ವರ್ಷ’.
ಪ್ರತಿ ಅಧ್ಯಾಯದ ಕೊನೆಗೂ ಸೂರ್ಯ ಹುಟ್ಟುತ್ತಾನೆ
(ಈ ಊರಲ್ಲಿ ಸೂರ್ಯ ಹುಟ್ಟಿದ್ದಕ್ಕೆ ಯಾರೂ ಖುಷಿಪಟ್ಟಿದ್ದಿಲ್ಲ).
ನಗು ಬಂತು. ಪೆನ್ಸಿಲು ಚೂಪು ಮಾಡಿಕೊಂಡೆ.

ಅರವತ್ತೊಂದನೇ ಪುಟ. ತಾಯಿ.
‘ದಿನವಿಡೀ ತೊಗರಿ ಹಸನು ಮಾಡುವಾಗ
ನೀರಡಿಕೆ ಕಾಡಬಾರದೆಂದು ಅವ್ವ ಒಂದು ಕಾಳನ್ನು
ನಾಲಿಗೆಯ ಕೆಳಗೆ ಇಟ್ಟುಕೊಳ್ಳುತ್ತಿದ್ದಳು.’

ಪೆನ್ಸಿಲು ನಿಂತಿತು.

ಅದು ನನ್ನ ಅವ್ವ. ಚಂದಮ್ಮ.
ನೀರಿಗೆಂದು ಎದ್ದರೆ ಅರ್ಧ ತಾಸಿನ ಕೂಲಿ ಮುರಿಯುತ್ತಿದ್ದರು.
ಸಂಜೆ ಮನೆಗೆ ಬಂದು ಆ ಕಾಳು ನನ್ನ ಅಂಗೈಗೆ ಉಗುಳುವಳು,
ಬೆಚ್ಚಗೆ ಉಬ್ಬಿದ್ದು, ಸಿಪ್ಪೆ ಅರ್ಧ ಬಿಚ್ಚಿದ್ದು.
ಬಚ್ಚಲ ಕಲ್ಲಿನ ಪಕ್ಕ ಊರುತ್ತಿದ್ದೆ.
ಒಂದೂ ಹುಟ್ಟಲಿಲ್ಲ.

ಹನ್ನೊಂದು ವರ್ಷದ ಹಿಂದೆ ಶಾಸಕರ ಪುಸ್ತಕಕ್ಕೆ
ತಾಯಿ ಕಡಿಮೆ ಬಿದ್ದಾಗ ನನ್ನವಳನ್ನು ಕಡ ಕೊಟ್ಟಿದ್ದೆ.
ಆ ಪುಸ್ತಕ ಯಾರೂ ಓದಲಿಲ್ಲ ಅಂದುಕೊಂಡಿದ್ದೆ.
ಓದಿತ್ತು, ಒಂದು. ಕಣ್ಣಿಲ್ಲದ್ದು, ನೀರಡಿಕೆ ಗೊತ್ತಿಲ್ಲದ್ದು.
ಅಥವಾ ಓದಿಯೇ ಇರಲಿಲ್ಲವೋ,
ತೊಗರಿ, ಬಿಸಿಲು, ಅವ್ವ ಮೂರನ್ನೂ ಕೂಡಿಸಿ
ಕತ್ತಲಲ್ಲಿ ಕೈಯಾಡಿಸಿ ಅಲ್ಲಿಗೇ ಬಂತೋ.
ಯಾರನ್ನು ಕೇಳಲಿ? ಕಳುವಾಯಿತೆಂದು
ಬ್ರಹ್ಮಪುರ ಠಾಣೆಗೆ ಹೋದರೆ ಮೊದಲು ಕೇಳುವುದು
ಮಾಲು ನಿನ್ನದೆಂಬುದಕ್ಕೆ ರಸೀದಿ.

ಆ ಸಾಲು ಹೊಡೆದು ಹಾಕಿದೆ.
ಉಳಿದುದಕ್ಕೆ ಧೂಳು ಸುರಿದೆ, ಬೈಗುಳ ಸೇರಿಸಿದೆ,
ಸೂರ್ಯನನ್ನು ಹದಿನಾರು ಕಡೆ ಮುಳುಗಿಸಿದೆ.

ಗಂಜಿನ ಅಂಗಡಿಯಲ್ಲಿ ಸಾಹುಕಾರರು
ಕಣ್ಣು ಮುಚ್ಚಿಕೊಂಡು ಓದಿಸಿಕೊಂಡರು.
ಅರವತ್ತೊಂದಕ್ಕೆ ಬಂದಾಗ ಕೈ ಎತ್ತಿದರು.
“ಇಲ್ಲಿ ಕಾಳಿಂದು ಒಂದು ಮಾತಿತ್ತಲ್ಲ, ನಾಲಿಗಿ ಕೆಳಗ?
ಯಾಕ ತಗದ್ರಿ? ಖರೇ ಅದ ಅದು.
ನಮ್ಮವ್ವ ಹಂಗೇ ಮಾಡ್ತಿದ್ಲು.”

ಕಣ್ಣು ಒದ್ದೆಯಾಗಿತ್ತು. ಸುಳ್ಳಲ್ಲ ಆ ನೀರು.
ಅವರ ಅವ್ವ ಗಾದಿ ಮೇಲೆ ಕೂತು
ಬೆಳ್ಳಿ ಡಬ್ಬಿಯಿಂದ ಎಲೆ ತೆಗೆದು ಮೆಲ್ಲುತ್ತಿದ್ದುದನ್ನು
ಕಂಡವನು ನಾನು, ಐದು ವರ್ಷದವನು,
ನನ್ನ ಅವ್ವನ ಸೆರಗು ಹಿಡಿದು, ಅದೇ ಮಿಲ್ಲಿನ ಬಾಗಿಲಲ್ಲಿ.

ಹೇಳಲಿಲ್ಲ. ಹೊಡೆದು ಹಾಕಿದ ಸಾಲಿನ ಪಕ್ಕ
ಅಂಚಿನಲ್ಲಿ ‘ಇರಲಿ’ ಎಂದು ಬರೆದೆ.

ಮುನೀಮ ವೋಚರ್ ಪುಸ್ತಕ ತೆಗೆದ.
“ಯಾವ ಬಾಬ್ತು ಅಂತ ಹಾಕಲಿ?”
ಟೈಪಿಂಗ್ ಖರ್ಚು ಅಂದೆ.
ರೆವಿನ್ಯೂ ಸ್ಟಾಂಪು ನಾಲಿಗೆಗೆ ಒತ್ತಿದೆ.
ಬಾಯಿ ಒಣಗಿತ್ತು, ಅಂಟಲಿಲ್ಲ.
ಮುನೀಮ ತಲೆಯೆತ್ತದೆ
ಒದ್ದೆ ಸ್ಪಂಜಿನ ಡಬ್ಬಿ ನನ್ನ ಕಡೆ ಸರಿಸಿದ.